ನಾವಿರುವುದು ಯಾರದೋ ಗಣನೆಯೊಳಗೆಯೇ? ಗ್ರಾಫ್ ಹಾಳೆಯ ಮೇಲೆ ಹುಟ್ಟಿದ ಪ್ರಶ್ನೆ

ಇರುಳ ಓದುಗ (ಚರ್ಚೆ ಆರಂಭಿಸಿದವರು)

ಮೂರು ವಾರಗಳಿಂದ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ. ಇಲ್ಲಿ ಭೌತಶಾಸ್ತ್ರ ಬಲ್ಲವರಿದ್ದೀರಿ, ಕೋಡ್ ಬರೆಯುವವರಿದ್ದೀರಿ, ದರ್ಶನಗಳನ್ನು ಓದಿದವರೂ ಇದ್ದೀರಿ. ಆದ್ದರಿಂದ ನಿಮ್ಮ ಮುಂದೆ ಇಳಿಸುತ್ತಿದ್ದೇನೆ.

ಗಣಿತಜ್ಞ ಜಾನ್ ಕಾನ್ವೇ ರೂಪಿಸಿದ, 1970ರಲ್ಲಿ ಪ್ರಕಟವಾದ ‘ಗೇಮ್ ಆಫ್ ಲೈಫ್’ ನಿಮಗೆ ಗೊತ್ತಿರಬಹುದು. ಅದನ್ನು ಕಂಪ್ಯೂಟರಿನಲ್ಲಿ ಎಷ್ಟೋ ಸಲ ನೋಡಿದ್ದೆ. ಮೂರು ವಾರಗಳ ಹಿಂದೆ ಮೊದಲ ಬಾರಿಗೆ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್, ರಬ್ಬರ್ ಹಿಡಿದು ಕೈಯಾರೆ ಮಾಡಿದೆ. ಪ್ರತಿ ಚೌಕದ ಮನೆಗೂ ಸುತ್ತ ಎಂಟು ನೆರೆಮನೆಗಳು. ತುಂಬಿದ ಮನೆಗೆ ಎರಡೋ ಮೂರೋ ತುಂಬಿದ ನೆರೆಗಳಿದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಖಾಲಿಯಾಗುತ್ತದೆ. ಖಾಲಿ ಮನೆಯ ಸುತ್ತ ಸರಿಯಾಗಿ ಮೂರು ತುಂಬಿದ್ದರೆ ಅದೂ ತುಂಬುತ್ತದೆ. ನಿಯಮ ಅಷ್ಟೇ. ಅದನ್ನು ಎಲ್ಲ ಮನೆಗಳಿಗೂ ಒಟ್ಟಿಗೆ ಒಮ್ಮೆ ಅನ್ವಯಿಸಿದರೆ ಒಂದು ತಲೆಮಾರು. ‘ಗ್ಲೈಡರ್’ ಎನ್ನುವ ಐದು ಮನೆಗಳ ಆಕೃತಿಯನ್ನು ಬರೆದೆ: ತಳದಲ್ಲಿ ಸಾಲಾಗಿ ಮೂರು, ಅದರ ಮೇಲಿನ ಸಾಲಿನಲ್ಲಿ ಬಲತುದಿಗೆ ಒಂದು, ಅದಕ್ಕೂ ಮೇಲೆ ನಡುವೆ ಒಂದು. ನಾಲ್ಕು ತಲೆಮಾರು ಲೆಕ್ಕ ಹಾಕಿದ ಮೇಲೆ ಅದೇ ಆಕೃತಿ ಒಂದು ಮನೆ ಕೆಳಕ್ಕೂ ಒಂದು ಮನೆ ಬಲಕ್ಕೂ ಸರಿದು ನಿಂತಿತ್ತು. ‘ಚಲಿಸು’ ಎಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ.

ಎರಡನೆಯ ತಲೆಮಾರು ಮುಗಿಸಿದಾಗ ಫೋನ್ ಬಂದು ಎದ್ದುಹೋಗಿದ್ದೆ. ಹಾಳೆ ಎರಡು ದಿನ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು. ಆ ಎರಡು ದಿನಗಳೇ ನನ್ನನ್ನು ಬಿಡುತ್ತಿಲ್ಲ. ಗ್ಲೈಡರ್‌ನ ಜಗತ್ತಿನಲ್ಲಿ ಎರಡನೆಯ ತಲೆಮಾರಿನ ಮಗ್ಗುಲಲ್ಲೇ ಮೂರನೆಯದು ಇದೆ, ನಡುವೆ ಏನೂ ಇಲ್ಲ. ಲೆಕ್ಕವನ್ನು ನಾನು ಹಾಕಿದರೂ, ಯಂತ್ರ ಹಾಕಿದರೂ, ಹತ್ತು ಜನ ಹಂಚಿಕೊಂಡು ಹಾಕಿದರೂ ಒಳಗಿನ ಕಥೆ ಒಂದೇ. ಹಾಗಾದರೆ ನಮ್ಮ ಎರಡು ಕ್ಷಣಗಳ ನಡುವೆ ಯಾರೋ ಪೆನ್ಸಿಲ್ ಕೆಳಗಿಟ್ಟು ಎದ್ದುಹೋಗಿದ್ದರೆ ನಮಗೆ ತಿಳಿಯುವುದು ಹೇಗೆ? ಒಳಗಿದ್ದುಕೊಂಡೇ ಇದನ್ನು ಕಂಡುಹಿಡಿಯುವ ದಾರಿ ಏನಾದರೂ ಇದೆಯೇ?

ಲೆಕ್ಕದವಳು

ಹಾಳೆಯ ಪ್ರಸಂಗ ಚೆನ್ನಾಗಿದೆ. ಆದರೆ ‘ಹೀಗೂ ಇರಬಹುದು’ ಎನ್ನುವುದಕ್ಕೂ ‘ಹೀಗಿರುವ ಸಂಭವವೇ ಹೆಚ್ಚು’ ಎನ್ನುವುದಕ್ಕೂ ಅಜಗಜಾಂತರ. ಮೊದಲನೆಯದು ಹಳೆಯ ಸಂಶಯ. 1641ರಲ್ಲಿ ತತ್ತ್ವಜ್ಞ ಡೆಕಾರ್ಟ್, ಸರ್ವಶಕ್ತವಾದ ಒಂದು ದುಷ್ಟಶಕ್ತಿ ತನ್ನ ಇಂದ್ರಿಯಗಳನ್ನೆಲ್ಲ ವಂಚಿಸುತ್ತಿದ್ದರೆ ಎಂದು ಕೇಳಿದ. 1921ರಲ್ಲಿ ಬರ್ಟ್ರಂಡ್ ರಸೆಲ್, ಜಗತ್ತು ಐದು ನಿಮಿಷಗಳ ಹಿಂದೆ ನಮ್ಮ ನೆನಪುಗಳ ಸಮೇತ ಹುಟ್ಟಿದೆ ಎಂದರೆ ತರ್ಕದಿಂದ ಅಲ್ಲಗಳೆಯಲಾಗದು ಎಂದು ತೋರಿಸಿದ. ಆ ಸಂಶಯಗಳನ್ನು ಯಾರೂ ಗೆದ್ದಿಲ್ಲ, ಅವುಗಳಿಂದ ಯಾರ ನಿದ್ದೆಯೂ ಕೆಟ್ಟಿಲ್ಲ.

2003ರಲ್ಲಿ ತತ್ತ್ವಜ್ಞ ನಿಕ್ ಬಾಸ್ಟ್ರಾಮ್ ಮಾಡಿದ್ದು ಬೇರೆ. ಅವರು ಎಣಿಸಲು ಹೊರಟರು. ಮಾನವ ಇತಿಹಾಸದ ಎಲ್ಲ ಮನಸ್ಸುಗಳನ್ನು ಗಣಿಸಲು ಸುಮಾರು 10ರ 33ರಿಂದ 36ನೇ ಘಾತದಷ್ಟು ಕ್ರಿಯೆಗಳು ಸಾಕು. ಒಂದು ಗ್ರಹದ ಗಾತ್ರದ ಕಂಪ್ಯೂಟರ್ ಸೆಕೆಂಡಿಗೆ 10ರ 42ನೇ ಘಾತದಷ್ಟನ್ನು ಮಾಡಬಲ್ಲುದು. ಅಂದರೆ ಇಡೀ ಇತಿಹಾಸ ಅದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಕೆಲಸ. ಇದು ಸರಿಯಾದರೆ ಮೂರರಲ್ಲಿ ಒಂದಾದರೂ ನಿಜವಾಗಬೇಕು. ಒಂದೋ ನಮ್ಮ ಮಟ್ಟದ ನಾಗರಿಕತೆಗಳು ಆ ಶಕ್ತಿ ಬರುವ ಮೊದಲೇ ಬಹುಪಾಲು ಅಳಿಯುತ್ತವೆ. ಇಲ್ಲವೇ ಆ ಶಕ್ತಿ ಬಂದವರು ತಮ್ಮ ಪೂರ್ವಜರ ಜಗತ್ತನ್ನು ಮರುಸೃಷ್ಟಿಸುವ ಗೋಜಿಗೆ ಹೋಗುವುದಿಲ್ಲ. ಎರಡೂ ಅಲ್ಲದಿದ್ದರೆ ಗಣನೆಯೊಳಗಿನ ಮನಸ್ಸುಗಳ ಸಂಖ್ಯೆ ಹೊರಗಿನವುಗಳನ್ನು ಎಷ್ಟೋ ಪಟ್ಟು ಮೀರುತ್ತದೆ, ಆಗ ನಾವು ಒಳಗಿನವರೇ ಆಗಿರುವ ಸಂಭವ ಹೆಚ್ಚು.

ಗಮನಿಸಿ, ಮೂರನೆಯದೇ ನಿಜ ಎಂದು ಬಾಸ್ಟ್ರಾಮ್ ಹೇಳಲಿಲ್ಲ. ನಮ್ಮ ಅಜ್ಞಾನದಲ್ಲಿ ಮೂರಕ್ಕೂ ಹೆಚ್ಚುಕಡಿಮೆ ಸಮನಾದ ನಂಬಿಕೆ ಹಂಚುವುದು ಸರಿ ಎಂದರು. ‘ನಾವು ಮೂಲ ಜಗತ್ತಿನಲ್ಲಿರುವ ಸಾಧ್ಯತೆ ನೂರಾರು ಕೋಟಿಗಳಲ್ಲಿ ಒಂದು’ ಎಂಬ ಧಾಟಿಯ ಮಾತು 2016ರಲ್ಲಿ ಇಲಾನ್ ಮಸ್ಕ್ ಆಡಿದ್ದು. ಖಗೋಳಶಾಸ್ತ್ರಜ್ಞ ಡೇವಿಡ್ ಕಿಪ್ಪಿಂಗ್ 2020ರಲ್ಲಿ ಇದೇ ವಾದವನ್ನು ಬೇಯ್ಸ್ ವಿಧಾನದಲ್ಲಿ (ತಿಳಿದ ಮಾಹಿತಿಗೆ ತಕ್ಕಂತೆ ನಂಬಿಕೆಯನ್ನು ತಿದ್ದುವ ಲೆಕ್ಕದಲ್ಲಿ) ಲೆಕ್ಕ ಹಾಕಿದಾಗ ಸಂಭವನೀಯತೆ ಅರ್ಧಕ್ಕಿಂತ ತುಸು ಕಡಿಮೆಯೇ ಬಂತು.

ಆಟ ಬರೆಯುವವ

ನಾನು ವೀಡಿಯೊ ಗೇಮ್‌ಗಳಿಗೆ ಕೋಡ್ ಬರೆಯುವವನು. ಈ ವಾದ ನನಗೆ ಹತ್ತಿರವೆನಿಸುವುದಕ್ಕೆ ಕಾರಣ ನಮ್ಮ ದಿನನಿತ್ಯದ ಕೆಲಸ. ಆಟಗಾರನ ಕ್ಯಾಮೆರಾ ಎತ್ತ ತಿರುಗಿದೆಯೋ ಅತ್ತ ಮಾತ್ರ ಚಿತ್ರ ಬಿಡಿಸುತ್ತೇವೆ. ಬೆನ್ನ ಹಿಂದಿನ ಬೆಟ್ಟ ಆ ಕ್ಷಣದಲ್ಲಿ ಚಿತ್ರವಾಗಿ ಇರುವುದೇ ಇಲ್ಲ, ತಿರುಗಿದ ಕೂಡಲೇ ಬರುತ್ತದೆ. ಚಿತ್ರ ಕಟ್ಟುವ ತ್ರಿಕೋನಗಳು ದೂರದ ಮರಕ್ಕೆ ಕಡಿಮೆ, ಹತ್ತಿರದ ಮರಕ್ಕೆ ಹೆಚ್ಚು. ಈಗ ಎರಡು ಸೀಳುಗಳ ಪ್ರಯೋಗವನ್ನು ನೆನೆಯಿರಿ. ಎಲೆಕ್ಟ್ರಾನ್ ಯಾವ ಸೀಳಿನಲ್ಲಿ ಹೋಯಿತು ಎಂದು ನೋಡದಿದ್ದರೆ ಅಲೆಯಂತೆ ಹರಡಿಕೊಳ್ಳುತ್ತದೆ, ನೋಡಿದರೆ ಕಣವಾಗುತ್ತದೆ. ನೋಡುವವರು ಇಲ್ಲದಾಗ ಲೆಕ್ಕ ಉಳಿಸುವ ಉಪಾಯ ಎಂದೇ ನನಗೆ ಅನಿಸುತ್ತದೆ. ಬೆಳಕಿನ ವೇಗಕ್ಕೆ ಮಿತಿಯಿದೆ, ಪ್ಲಾಂಕ್ ಉದ್ದ ಎಂಬ ಕನಿಷ್ಠ ಅಳತೆಯಿದೆ. ಇಷ್ಟೆಲ್ಲ ಕಾಕತಾಳೀಯವೇ?

ಪಾಠ ಹೇಳುವವ

ಭೌತಶಾಸ್ತ್ರ ಕಲಿಸುವವನಾಗಿ ಎರಡು ಸೀಳುಗಳ ವಿಷಯದಲ್ಲಿ ಸುಮ್ಮನಿರಲಾರೆ. ‘ನೋಡುವುದು’ ಎಂಬ ಪದ ದಾರಿ ತಪ್ಪಿಸುತ್ತಿದೆ. ಅಲ್ಲಿ ಮನಸ್ಸೂ ಬೇಡ, ಕಣ್ಣೂ ಬೇಡ. 2004ರಲ್ಲಿ ವಿಯೆನ್ನಾದ ಪ್ರಯೋಗಾಲಯದಲ್ಲಿ 70 ಇಂಗಾಲದ ಪರಮಾಣುಗಳ ಅಣುಗಳನ್ನು ಕಾಯಿಸಿ ಇಂಥದೇ ಪ್ರಯೋಗಕ್ಕೆ ಒಡ್ಡಿದರು. ಅಣು ಬಿಸಿಯಾದಷ್ಟೂ ತಾನೇ ಶಾಖದ ಬೆಳಕನ್ನು ಹೊರಸೂಸುತ್ತದೆ, ಆ ಬೆಳಕು ಅಣು ಎಲ್ಲಿತ್ತು ಎಂಬ ಸುಳಿವನ್ನು ಹೊತ್ತೊಯ್ಯುತ್ತದೆ. ಬಿಸಿ ಏರಿದಂತೆ, ಅಲೆಯಂತೆ ಹರಡಿದಾಗ ಮೂಡುವ ಪಟ್ಟಿಗಳು ಮಸುಕಾಗುತ್ತಾ ಅಳಿಸಿಹೋದವು. ಆ ಬೆಳಕನ್ನು ಹಿಡಿದು ನೋಡಿದವರು ಯಾರೂ ಇರಲಿಲ್ಲ. ಸುಳಿವು ಹೊರಗೆ ಸೋರಿದರೆ ಸಾಕು.

ಇನ್ನು ಲೆಕ್ಕ ಉಳಿಸುವ ಮಾತು ತಲೆಕೆಳಗಾಗಿದೆ. ಕಣ ನಿಶ್ಚಿತ ಜಾಗದಲ್ಲಿದ್ದರೆ ಮೂರು ಸಂಖ್ಯೆ ಬರೆದಿಟ್ಟರೆ ಆಯಿತು. ನೋಡದಿದ್ದಾಗಿನ ಕ್ವಾಂಟಂ ಸ್ಥಿತಿಯೇ ದುಬಾರಿ. ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕಗಳಾದ ಬರೀ 300 ಕ್ಯೂಬಿಟ್‌ಗಳು ಒಂದಕ್ಕೊಂದು ಹೆಣೆದುಕೊಂಡರೆ ಅವುಗಳ ಸ್ಥಿತಿಯನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಪೂರ್ತಿ ಬರೆದಿಡಲು 2ರ 300ನೇ ಘಾತದಷ್ಟು ಸಂಖ್ಯೆಗಳು ಬೇಕು. ಕಾಣುವ ವಿಶ್ವದ ಪರಮಾಣುಗಳೆಲ್ಲ ಸೇರಿ ಸುಮಾರು 10ರ 80ನೇ ಘಾತ. ಬರೆದಿಡಬೇಕಾದ ಸಂಖ್ಯೆಗಳ ಎಣಿಕೆ 10ರ 90ನೇ ಘಾತವನ್ನು ದಾಟುತ್ತದೆ. ಮಿತವ್ಯಯ ಬಯಸಿದವನು ಕ್ವಾಂಟಂ ಜಗತ್ತನ್ನು ಖಂಡಿತ ಆರಿಸುತ್ತಿರಲಿಲ್ಲ. ಇದರ ಇನ್ನೊಂದು ತುದಿಯೂ ಇದೆ. 2017ರಲ್ಲಿ ಜೋಹರ್ ರಿಂಗೆಲ್ ಮತ್ತು ಡಿಮಿಟ್ರಿ ಕೋವ್ರಿಜಿನ್ ಕೆಲವು ಕ್ವಾಂಟಂ ವಿದ್ಯಮಾನಗಳಿಗೆ ಒಂದು ಬಗೆಯ ಗಣನ ವಿಧಾನ ಒಗ್ಗುವುದಿಲ್ಲ ಎಂದು ತೋರಿಸಿದಾಗ, ‘ಜಗತ್ತು ಸಿಮ್ಯುಲೇಷನ್ (ಗಣನೆಯಿಂದ ಮಾಡಿದ ನಕಲು) ಅಲ್ಲ ಎಂದು ಸಾಬೀತಾಯಿತು’ ಎಂಬ ಶೀರ್ಷಿಕೆಗಳು ಬಂದವು. ಅದೂ ಅತಿರೇಕವೇ. ಅವರ ಪ್ರಬಂಧದ ಗುರಿ ಅದಾಗಿರಲಿಲ್ಲ.

ಪ್ಲಾಂಕ್ ಉದ್ದ ಸುಮಾರು 1.6 ಗುಣಿಸು 10ರ ಮೈನಸ್ 35ನೇ ಘಾತ ಮೀಟರ್. ಅದು ಜಗತ್ತಿನ ಪಿಕ್ಸೆಲ್ ಎಂದು ಯಾವ ಪ್ರಯೋಗವೂ ಹೇಳಿಲ್ಲ. ಅದು ಮೂರು ಸ್ಥಿರಾಂಕಗಳನ್ನು ಸೇರಿಸಿದಾಗ ಬರುವ ಒಂದು ಅಳತೆ. ಆಕಾಶ, ಅಂದರೆ ವಸ್ತುಗಳೆಲ್ಲ ಇರುವ ಎಡೆ, ಅಷ್ಟು ಸಣ್ಣ ಮಟ್ಟದಲ್ಲಿ ಹರಳುಹರಳಾಗಿದ್ದರೆ, ಹೆಚ್ಚು ಶಕ್ತಿಯ ಬೆಳಕು ಕಡಿಮೆ ಶಕ್ತಿಯದಕ್ಕಿಂತ ಬೇರೆ ವೇಗದಲ್ಲಿ ಸಾಗಬಹುದು ಎಂದು ಕೆಲವು ಸಿದ್ಧಾಂತಗಳು ಹೇಳುತ್ತವೆ. 2009ರ ಮೇ 10ರಂದು ಫರ್ಮಿ ದೂರದರ್ಶಕ ಒಂದು ಗಾಮಾ ಕಿರಣ ಸ್ಫೋಟವನ್ನು ಹಿಡಿಯಿತು. 700 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಪಯಣಿಸಿದ ಬೆಳಕು ಅದು. ಅದರಲ್ಲಿದ್ದ ಅತಿ ಶಕ್ತಿಯ ಒಂದು ಫೋಟಾನ್ (ಬೆಳಕಿನ ಕಣ), ಸುಮಾರು 31 ಗಿಗಾ ಎಲೆಕ್ಟ್ರಾನ್ ವೋಲ್ಟ್‌ನದು, ಮಿಕ್ಕವುಗಳಿಗಿಂತ ಒಂದು ಸೆಕೆಂಡೂ ತಡವಾಗಲಿಲ್ಲ. ಆಕಾಶ ಸರಳವಾದ ಹರಳಿನ ಹಾಸು ಎನ್ನುವವರಿಗೆ ಅಂದಿನಿಂದ ಉತ್ತರ ಕೊಡುವುದು ಕಷ್ಟವಾಗಿದೆ.

ಆಟ ಬರೆಯುವವ

ಮೇಷ್ಟ್ರೇ, ಕಾಯಿಸಿದ ಅಣುವಿನ ಪ್ರಯೋಗ ನನಗೆ ಗೊತ್ತಿರಲಿಲ್ಲ. ಎರಡು ಸೀಳುಗಳ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ. ಇಷ್ಟು ವರ್ಷ ಅದನ್ನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಮಾದರಿ ಓಡಿಸುವವಳು

ನನ್ನ ಕೆಲಸವೇ ಜಗತ್ತಿನ ನಕಲು ಮಾಡುವುದು. ಹವಾಮಾನದ ಮಾದರಿಗಳನ್ನು ಓಡಿಸುತ್ತೇನೆ. ವಾತಾವರಣವನ್ನು ಗ್ರಿಡ್‌ನ ಕೋಶಗಳಾಗಿ ಕತ್ತರಿಸಿ, ಪ್ರತಿ ಕೋಶಕ್ಕೂ ಒತ್ತಡ, ಉಷ್ಣತೆ, ಗಾಳಿ, ತೇವಾಂಶ ಕೊಟ್ಟು, ಕಾಲವನ್ನು ತುಣುಕು ತುಣುಕಾಗಿ ಮುಂದೂಡುತ್ತೇವೆ. ಒಂದು ಕೋಶಕ್ಕಿಂತ ಚಿಕ್ಕದಾದ ಮೋಡ ಮಾದರಿಗೆ ಕಾಣುವುದಿಲ್ಲ. ಅದರ ಸರಾಸರಿ ಪರಿಣಾಮವನ್ನು ಒಂದು ಸೂತ್ರದಲ್ಲಿ ತುಂಬುತ್ತೇವೆ. ಒಂದು ಕಾಲತುಣುಕಿನಲ್ಲಿ ಅಲೆ ಒಂದು ಕೋಶಕ್ಕಿಂತ ಹೆಚ್ಚು ದೂರ ಹಾರುವಂತಿದ್ದರೆ ಸಾಮಾನ್ಯ ವಿಧಾನಗಳು ಹದ ತಪ್ಪುತ್ತವೆ. ಕೂರಾಂಟ್, ಫ್ರೆಡ್ರಿಕ್ಸ್, ಲೆವಿ 1928ರಲ್ಲೇ ಈ ಮಿತಿಯನ್ನು ಗುರುತಿಸಿದ್ದರು. ಕಾಲತುಣುಕನ್ನು ತುಸು ಹಿಗ್ಗಿಸಿ ರಾತ್ರಿ ಓಡಲು ಬಿಟ್ಟುಹೋದ ಒಂದು ಮಾದರಿಯಲ್ಲಿ, ಬೆಳಿಗ್ಗೆ ಬಂದು ನೋಡಿದರೆ ಗಾಳಿಯ ವೇಗ ಶಬ್ದದ ವೇಗವನ್ನು ದಾಟಿತ್ತು. ಆಮೇಲಿನ ಸಾಲುಗಳಲ್ಲಿ ಸಂಖ್ಯೆಗಳೇ ಇರಲಿಲ್ಲ. ಬೆಳಕಿನ ವೇಗದ ಮಿತಿಯನ್ನು ಇದಕ್ಕೆ ಹೋಲಿಸುವವರನ್ನು ಕಂಡಿದ್ದೇನೆ. ಹೋಲಿಕೆ ಸೊಗಸಾಗಿದೆ, ಆದರೆ ಹೋಲಿಕೆಯಷ್ಟೇ. ಯಾವುದೇ ಸಮೀಕರಣದಲ್ಲಿ ಪರಿಣಾಮಕ್ಕೊಂದು ಗರಿಷ್ಠ ವೇಗವಿದ್ದರೆ ಇಂಥ ಮಿತಿ ಬಂದೇ ಬರುತ್ತದೆ.

ಗ್ರಿಡ್‌ನ ಒಂದು ಗುಣವಿದೆ, ಅದು ದಿಕ್ಕುಗಳಲ್ಲಿ ಪಕ್ಷಪಾತ ಮಾಡುತ್ತದೆ. ಚೌಕದ ಬದಿಗುಂಟ ಹೋಗುವ ಅಲೆಯೂ ಮೂಲೆಯಿಂದ ಮೂಲೆಗೆ ಹೋಗುವ ಅಲೆಯೂ ಒಂದೇ ತೆರನಾಗಿ ಸಾಗುವುದಿಲ್ಲ. 2012ರಲ್ಲಿ ಸಿಲಾಸ್ ಬೀನ್, ಜೋಹ್ರೆ ದಾವೂದಿ ಮತ್ತು ಮಾರ್ಟಿನ್ ಸ್ಯಾವೇಜ್ ಇದನ್ನೇ ಹಿಡಿದು ಒಂದು ಪರೀಕ್ಷೆ ಸೂಚಿಸಿದರು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳ ಶಕ್ತಿಗೆ ಸುಮಾರು 5 ಗುಣಿಸು 10ರ 19ನೇ ಘಾತ ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸಿನಲ್ಲಿ ಒಂದು ಮಿತಿಯಿದೆ. ವಿಶ್ವವನ್ನು ತುಂಬಿರುವ ಹಿನ್ನೆಲೆ ವಿಕಿರಣ ಅವುಗಳನ್ನು ತಡೆಯುವುದು ಇದಕ್ಕೆ ಕಾರಣ ಎಂದು 1966ರಿಂದ ತಿಳಿದಿದೆ. ಆಕಾಶವೇ ಗ್ರಿಡ್ ಆಗಿದ್ದರೆ ಅತಿ ಶಕ್ತಿಯ ಕಿರಣಗಳ ದಿಕ್ಕುಗಳಲ್ಲಿ ಆ ಚೌಕದ ಗುರುತು ಮೂಡಬೇಕು ಎಂದರು ಅವರು. ಇದುವರೆಗೆ ಅಂಥ ಗುರುತು ಕಂಡಿಲ್ಲ. ಕಂಡಿಲ್ಲ ಎಂದರೆ ಗ್ರಿಡ್ ಇಲ್ಲವೆಂದಲ್ಲ, ಇದ್ದರೆ ಇನ್ನೂ ಸಣ್ಣದು ಅಥವಾ ಬೇರೆ ಬಗೆಯದು. ಆದರೂ ಈ ಪ್ರಯತ್ನದ ಮೇಲೆ ನನಗೆ ಗೌರವವಿದೆ. ‘ತಪ್ಪಾಗಿದ್ದರೆ ಹೀಗೆ ಸಿಕ್ಕಿಬೀಳುತ್ತದೆ’ ಎಂದು ಹೇಳುವ ಧೈರ್ಯ ಈ ವಿಷಯದಲ್ಲಿ ಅಪರೂಪ.

ಇನ್ನೊಂದು ಮಾತು. ‘ನೋಡಿದಾಗ ಮಾತ್ರ ಲೆಕ್ಕ ಹಾಕಿದರಾಯಿತು’ ಎನ್ನುವುದು ನಕಲು ಮಾಡುವವಳಾದ ನನಗೆ ಅಸಾಧ್ಯವೆನಿಸುತ್ತದೆ. 1961ರಲ್ಲಿ ಎಡ್ವರ್ಡ್ ಲೊರೆನ್ಜ್ ತನ್ನ ಹವಾಮಾನ ಮಾದರಿಯನ್ನು ನಡುವಿನಿಂದ ಮತ್ತೆ ಓಡಿಸಲು 0.506127 ಎಂಬ ಸಂಖ್ಯೆಯ ಬದಲು ಕಾಗದದಲ್ಲಿ ಅಚ್ಚಾಗಿದ್ದ 0.506 ಅನ್ನೇ ಕೊಟ್ಟ. ಸ್ವಲ್ಪ ಹೊತ್ತಿನಲ್ಲೇ ಎರಡು ಓಟಗಳು ಒಂದನ್ನೊಂದು ಹೋಲದಷ್ಟು ಬೇರೆಯಾದವು. ಯಾವ ಚಿಕ್ಕ ವಿವರವನ್ನು ಬಿಟ್ಟರೆ ನಡೆಯುತ್ತದೆ ಎಂದು ಮುಂಚಿತವಾಗಿ ಹೇಳುವವರು ಯಾರು?

ಲೆಕ್ಕದವಳು

ಲೊರೆನ್ಜ್‌ನ ಉದಾಹರಣೆ ನಿಮ್ಮ ವಾದಕ್ಕೆ ಪೂರ್ತಿ ಒದಗುವುದಿಲ್ಲ. ಅವನ ಎದುರು ಎರಡು ಓಟಗಳಿದ್ದವು, ಹೋಲಿಸಿದ. ನಮ್ಮ ಎದುರು ಒಂದೇ ಓಟ. ನಾಳೆ ಮಳೆ ಬರಬೇಕಿತ್ತು, ಯಾರೋ ಅಂಕಿ ಕತ್ತರಿಸಿದ್ದರಿಂದ ಬರಲಿಲ್ಲ ಎಂದರೆ ನಮಗೆ ಹೇಗೆ ತಿಳಿದೀತು?

ಮಾದರಿ ಓಡಿಸುವವಳು

ಒಪ್ಪಿದೆ. ನಾಳೆಯ ಮಳೆಯಿಂದ ತಿಳಿಯುವುದಿಲ್ಲ. ಆದರೆ ಹಳೆಯ ಸಾಕ್ಷ್ಯಗಳಿಂದ ತಿಳಿಯಬಹುದಲ್ಲವೇ? 1972ರಲ್ಲಿ ಗ್ಯಾಬನ್ ದೇಶದ ಓಕ್ಲೊ ಗಣಿಯಿಂದ ಬಂದ ಯುರೇನಿಯಂನಲ್ಲಿ ಯುರೇನಿಯಂ-235 ಎಂಬ ಬಗೆಯ ಪಾಲು ಶೇಕಡ 0.720 ಇರಬೇಕಾದಲ್ಲಿ 0.717 ಇತ್ತು. ಅಷ್ಟು ಸಣ್ಣ ಕೊರತೆಯ ಬೆನ್ನುಹತ್ತಿದವರು ಕಂಡದ್ದು, ಸುಮಾರು 200 ಕೋಟಿ ವರ್ಷಗಳ ಹಿಂದೆ ಅಲ್ಲಿ ನೆಲದೊಳಗೇ ಪರಮಾಣು ವಿದಳನ ನಡೆದಿತ್ತು ಎಂದು. ಅಂತರ್ಜಲ ಹರಿದಾಗ ಉರಿದು, ಕುದಿದು ಆವಿಯಾದಾಗ ಆರಿ, ಮತ್ತೆ ಉರಿಯುತ್ತಿದ್ದ ನೈಸರ್ಗಿಕ ರಿಯಾಕ್ಟರ್. ಉಳಿದಿದ್ದ ಸಮೇರಿಯಂ ಎಂಬ ಧಾತುವಿನ ಪ್ರಮಾಣ ನೋಡಿ, ಅಂದಿನ ಭೌತನಿಯಮಗಳು ಇಂದಿನವೇ ಎಂದು ಲೆಕ್ಕ ಹಾಕಿದರು. ಯಾರೂ ನೋಡದೆ ಬಿದ್ದಿದ್ದ ಕಲ್ಲಿನಲ್ಲಿ ಅಷ್ಟು ಒಪ್ಪವಾದ ಲೆಕ್ಕ. ನೋಡಿದಾಗ ಮಾತ್ರ ತುಂಬುವವನಾದರೆ, ಒಂದು ಗಣಿಯ ಅದಿರು ತೂಕಕ್ಕೆ ಬರುವ ಹೊತ್ತಿಗೆ 200 ಕೋಟಿ ವರ್ಷಗಳ ಪರಮಾಣು ಇತಿಹಾಸವನ್ನು ಒಂದಕ್ಕೊಂದು ತಾಳೆಯಾಗುವಂತೆ ತುಂಬಬೇಕು. ಅದಕ್ಕಿಂತ ನೇರವಾಗಿ ಲೆಕ್ಕ ಹಾಕಿಬಿಡುವುದೇ ಸುಲಭ.

ದರ್ಶನ ಓದುವವಳು

ಇಂಥ ಚರ್ಚೆಗಳಲ್ಲಿ ‘ನಮ್ಮವರು ಇದನ್ನು ಮಾಯೆ ಎಂದು ಎಂದೋ ಹೇಳಿದ್ದಾರೆ’ ಎಂಬ ಮಾತು ಬಂದೇ ಬರುತ್ತದೆ. ಬರುವ ಮೊದಲೇ ನಾನು ಎರಡು ಮಾತು ಹೇಳುತ್ತೇನೆ, ಏಕೆಂದರೆ ಆ ಸಮೀಕರಣದಿಂದ ಎರಡು ಕಡೆಯೂ ಹಾಳಾಗುತ್ತದೆ.

ಅದ್ವೈತದ ಆಚಾರ್ಯರಾದ ಗೌಡಪಾದರು ತಮ್ಮ ಕಾರಿಕೆಗಳ ವೈತಥ್ಯ ಪ್ರಕರಣದಲ್ಲಿ ಕನಸಿಗೂ ಎಚ್ಚರಕ್ಕೂ ಇರುವ ಹೋಲಿಕೆಯನ್ನು ಬಹಳ ದೂರ ಎಳೆಯುತ್ತಾರೆ, ನಿಜ. ಆದರೆ ಬ್ರಹ್ಮಸೂತ್ರದಲ್ಲಿ ‘ವೈಧರ್ಮ್ಯಾಚ್ಚ ನ ಸ್ವಪ್ನಾದಿವತ್’ ಎಂಬಲ್ಲಿ ಶಂಕರರು, ಎಚ್ಚರದ ಅರಿವು ಕನಸಿನಂತಲ್ಲ ಎಂದು ಬಿಡಿಸಿ ಹೇಳುತ್ತಾರೆ. ಕನಸಿನಲ್ಲಿ ಕಂಡದ್ದು ಎಚ್ಚರವಾದಾಗ ಬಾಧಿತವಾಗುತ್ತದೆ, ‘ಅದು ಸುಳ್ಳು’ ಎಂಬ ಅರಿವು ಬರುತ್ತದೆ. ಎಚ್ಚರದಲ್ಲಿ ಕಂಡ ಕಂಬ ಯಾವ ಸ್ಥಿತಿಯಲ್ಲೂ ಹಾಗೆ ಬಾಧಿತವಾಗುವುದಿಲ್ಲ. ಅದ್ವೈತದಲ್ಲಿ ವ್ಯಾವಹಾರಿಕ (ದಿನಬಳಕೆಯ) ಸತ್ಯಕ್ಕೆ ಅಷ್ಟು ಗಟ್ಟಿ ಸ್ಥಾನವಿದೆ. ಮಧ್ವಾಚಾರ್ಯರಂತೂ ಜಗತ್ತು ಸತ್ಯ, ಅದರೊಳಗಿನ ಭೇದಗಳೂ ಸತ್ಯ ಎಂದು ವಾದಿಸಿದವರು. ‘ನಮ್ಮವರು’ ಒಂದೇ ಮಾತು ಹೇಳಿಲ್ಲ.

ಇನ್ನೂ ದೊಡ್ಡ ವ್ಯತ್ಯಾಸ ಇದು. ಹಗ್ಗವನ್ನು ಹಾವೆಂದು ಕಂಡವನಿಗೆ ಹಗ್ಗದ ಅರಿವಾದ ಕ್ಷಣ ಹಾವು ಇಲ್ಲವಾಗುತ್ತದೆ, ಹಾವಿನ ಭಯವೂ ಹೋಗುತ್ತದೆ. ಅಜ್ಞಾನವೇ ಕಾರಣ, ಅರಿವೇ ಪರಿಹಾರ. ಸಿಮ್ಯುಲೇಷನ್‌ನಲ್ಲಿ ಹಾಗಲ್ಲ. ನಾಳೆ ಖಚಿತ ಪುರಾವೆ ಸಿಕ್ಕಿದರೂ ಯಾವುದೂ ಮಾಯವಾಗುವುದಿಲ್ಲ. ಬೆಂಕಿ ಸುಡುತ್ತಲೇ ಇರುತ್ತದೆ, ಹಲ್ಲುನೋವು ನೋಯುತ್ತಲೇ ಇರುತ್ತದೆ. ಗಣಿಸುವವರು ಇದ್ದಾರೆಂಬ ಜ್ಞಾನ ಒಂದು ಹೊಸ ಭೌತಸಂಗತಿ, ಬಿಡುಗಡೆಯಲ್ಲ. ಅದಕ್ಕೇ ತತ್ತ್ವಜ್ಞ ಡೇವಿಡ್ ಚಾಮರ್ಸ್ 2022ರ ತಮ್ಮ ಗ್ರಂಥದಲ್ಲಿ, ನಾವು ಸಿಮ್ಯುಲೇಷನ್‌ನಲ್ಲಿದ್ದರೂ ಮೇಜು ಮೇಜೇ, ಮರ ಮರವೇ, ಅವುಗಳ ತಳದಲ್ಲಿ ಬಿಟ್‌ಗಳಿವೆ ಎಂದಷ್ಟೇ ಆಗುತ್ತದೆ ಎಂದು ವಾದಿಸುತ್ತಾರೆ. ನನಗೆ ಅದು ಸರಿಯೆನಿಸುತ್ತದೆ.

ತತ್ತ್ವಜ್ಞ ಹಿಲರಿ ಪಟ್ನಮ್ 1981ರಲ್ಲಿ ಎತ್ತಿದ ಆಕ್ಷೇಪವನ್ನೂ ಇಲ್ಲಿ ನೆನೆಯಬೇಕು. ತೊಟ್ಟಿಯಲ್ಲಿಟ್ಟು ಜಗತ್ತಿನ ತೋರಿಕೆಗಳನ್ನಷ್ಟೇ ಉಣಿಸಿದ ಮಿದುಳೊಂದು ‘ನಾನು ತೊಟ್ಟಿಯಲ್ಲಿದ್ದೇನೆ’ ಎಂದರೆ, ಅದರ ‘ತೊಟ್ಟಿ’ ಎಂಬ ಪದ ಅದು ಕಂಡ ತೋರಿಕೆಯ ತೊಟ್ಟಿಗಳನ್ನೇ ಸೂಚಿಸುತ್ತದೆ, ತಾನಿರುವ ತೊಟ್ಟಿಯನ್ನಲ್ಲ. ಹಾಗೆಯೇ ನಮ್ಮ ‘ಕಂಪ್ಯೂಟರ್’ ಎಂಬ ಪದ ನಮ್ಮೊಳಗಿನ ಕಂಪ್ಯೂಟರುಗಳಿಗೆ ಅಂಟಿಕೊಂಡದ್ದು. ಹೊರಗಿರುವುದಕ್ಕೆ ಆ ಹೆಸರು ಹೊಂದುತ್ತದೆ ಎಂದು ಏಕೆ ಭಾವಿಸಬೇಕು?

ಮೌನಿ

ಇಲ್ಲಿಯವರೆಗೆ ಓದುತ್ತಷ್ಟೇ ಇದ್ದೆ. ನನಗೆ ಇದು ಚರ್ಚೆಯ ವಿಷಯವಲ್ಲ. ಎರಡು ವರ್ಷಗಳ ಹಿಂದೆ, ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಕಳೆದ ಮೇಲೆ, ಒಂದು ಮಧ್ಯಾಹ್ನ ಎಲ್ಲವೂ ಗಾಜಿನ ಆಚೆಗೆ ಸರಿದಂತಾಯಿತು. ಅಮ್ಮನ ಮುಖ ಅಮ್ಮನದೇ, ಆದರೆ ಚಿತ್ರದಂತೆ. ನನ್ನ ಕೈ ನನ್ನದೆನಿಸಲಿಲ್ಲ. ಅದೇ ವೇಳೆಗೆ ಈ ಸಿಮ್ಯುಲೇಷನ್ ವಾದದ ವೀಡಿಯೊಗಳು ಕಣ್ಣಿಗೆ ಬಿದ್ದವು. ನನಗಾಗುತ್ತಿರುವುದಕ್ಕೆ ಪುರಾವೆ ಸಿಕ್ಕಿತು ಎಂದುಕೊಂಡೆ. ಆ ಆರು ತಿಂಗಳುಗಳನ್ನು ಶತ್ರುವಿಗೂ ಬಯಸುವುದಿಲ್ಲ. ಈಗ ಬಹಳಷ್ಟು ಸರಿಯಾಗಿದೆ. ಆದರೂ ಈ ಚರ್ಚೆಯ ಶೀರ್ಷಿಕೆ ಕಂಡಾಗ ಎದೆ ಹೊಡೆದುಕೊಂಡಿತು.

ಇರುಳ ಓದುಗ

ಮೌನಿಯವರೇ, ನೀವು ಬರೆದದ್ದಕ್ಕೆ ನಾನು ಋಣಿ. ಶೀರ್ಷಿಕೆ ಇಡುವಾಗ ಇಂಥದೊಂದು ಯೋಚನೆಯೇ ಬರಲಿಲ್ಲ, ಕ್ಷಮಿಸಿ.

ನೀವು ಹೇಳಿದ ಅನುಭವಕ್ಕೆ ವೈದ್ಯರು ಡೀರಿಯಲೈಸೇಷನ್ ಎನ್ನುತ್ತಾರೆ. ನನ್ನ ತಂಗಿಗೂ ಆಗಿತ್ತು. ಆತಂಕ, ನಿದ್ರಾಹೀನತೆ, ಆಘಾತಗಳ ಬೆನ್ನಿಗೆ ಬರುತ್ತದೆ, ಚಿಕಿತ್ಸೆಯಿದೆ. ಓದುತ್ತಿರುವ ಯಾರಿಗಾದರೂ ಹೀಗಾಗುತ್ತಿದ್ದರೆ ತತ್ತ್ವಶಾಸ್ತ್ರದ ವಾದಗಳಲ್ಲಿ ಉತ್ತರ ಹುಡುಕದೆ ಮೊದಲು ವೈದ್ಯರನ್ನು ಕಾಣಿ.

ನನ್ನ ಹಾಳೆಯನ್ನೇ ನೆನೆದು ಒಂದು ಮಾತು ಹೇಳುತ್ತೇನೆ. ಜಗತ್ತು ಅವಾಸ್ತವ ಎನಿಸುವ ಭಾವನೆಗೂ ಜಗತ್ತು ಗಣನೆಯೇ ಎಂಬ ಪ್ರಶ್ನೆಗೂ ಸಂಬಂಧವೇ ಇಲ್ಲ. ನಾವು ಗಣನೆಯಲ್ಲಿದ್ದರೆ ಹುಟ್ಟಿದಂದಿನಿಂದ ಇದ್ದೇವೆ. ನಿಮಗೆ ಎಲ್ಲವೂ ಗಟ್ಟಿಯಾಗಿ ಕಂಡ ದಿನಗಳೂ ಅದರೊಳಗಿನವೇ. ಗಾಜು ಅಡ್ಡ ಬಂದಂತಾದ ದಿನ ಬದಲಾದದ್ದು ನಿಮ್ಮ ದಣಿದ ದೇಹವೇ ಹೊರತು ಜಗತ್ತಲ್ಲ. ನಾನು ಪೆನ್ಸಿಲ್ ಕೆಳಗಿಟ್ಟದ್ದು ಗ್ಲೈಡರ್‌ಗೆ ಮಂಕಾಗಿಯೂ ತಟ್ಟಲಿಲ್ಲ. ಆದ್ದರಿಂದ ಹೊರಗಿನ ಯಾವುದೋ ಕಾರಣದಿಂದ ನಿಮಗೆ ಹಾಗೆ ‘ಅನಿಸಿತು’ ಎಂದು ಹೇಳಲು ಬರುವುದಿಲ್ಲ.

ಲೆಕ್ಕದವಳು

ಮೇಲಿನ ಮಾತಿನಲ್ಲಿ ಇಡೀ ವಾದದ ಕೀಲು ಅಡಗಿದೆ, ಆದ್ದರಿಂದ ಅದನ್ನು ಎತ್ತಿಕೊಳ್ಳುತ್ತೇನೆ. ಗ್ಲೈಡರ್‌ಗೆ ತಟ್ಟಲಿಲ್ಲ, ಸರಿ. ಗ್ಲೈಡರ್‌ಗೆ ಏನಾದರೂ ತಟ್ಟಲು ಸಾಧ್ಯವೇ? ಬಾಸ್ಟ್ರಾಮ್‌ರ ಎಣಿಕೆ ಪೂರ್ತಿ ನಿಂತಿರುವುದು ಸರಿಯಾದ ಲೆಕ್ಕ ಹಾಕಿದರೆ ಅರಿವು ಹುಟ್ಟುತ್ತದೆ ಎಂಬ ಒಂದು ಊಹೆಯ ಮೇಲೆ. ಸಿಲಿಕಾನ್ ಆಗಲಿ, ನರಕೋಶವಾಗಲಿ, ಪೆನ್ಸಿಲ್ ಆಗಲಿ, ಯಾವುದರ ಮೇಲೆ ನಡೆದರೂ ಸರಿ. ಆ ಊಹೆಯನ್ನು ಅವರು ಮುಚ್ಚಿಟ್ಟಿಲ್ಲ, ಆರಂಭದಲ್ಲೇ ಹೇಳುತ್ತಾರೆ. ಆದರೆ ಚರ್ಚೆಗಳಲ್ಲಿ ಎಲ್ಲರೂ ಪಿಕ್ಸೆಲ್, ಪ್ಲಾಂಕ್ ಎಂದು ಅಲೆಯುತ್ತಾರೆ, ಇದನ್ನು ಮುಟ್ಟುವುದಿಲ್ಲ. ತತ್ತ್ವಜ್ಞ ಜಾನ್ ಸರ್ಲ್ 1980ರಿಂದ ಹೇಳುತ್ತಾ ಬಂದದ್ದು ಇದನ್ನೇ. ಬಿರುಗಾಳಿಯ ಗಣನೆ ಯಾರನ್ನೂ ತೋಯಿಸುವುದಿಲ್ಲ. ಅರಿವಿನ ಗಣನೆ ಅರಿವಾಗುವುದು ಯಾವ ನ್ಯಾಯ?

ಮಾದರಿ ಓಡಿಸುವವಳು

ನನ್ನ ಮಾದರಿಯ ಚಂಡಮಾರುತ ನನ್ನ ಮೇಜನ್ನು ತೋಯಿಸಿಲ್ಲ, ನಿಜ. ಆದರೆ ಮಾದರಿಯೊಳಗಿನ ನೆಲವನ್ನು ತೋಯಿಸುತ್ತದೆ. ಆ ಕೋಶದ ಮಣ್ಣಿನ ತೇವಾಂಶ ಏರುತ್ತದೆ, ಮರುದಿನದ ಉಷ್ಣತೆ ಅದರಿಂದ ಇಳಿಯುತ್ತದೆ. ಒಳಗಿದ್ದವರನ್ನು ಕೇಳದೆ ಹೊರಗೆ ನಿಂತು ‘ಒದ್ದೆಯಿಲ್ಲ’ ಎನ್ನುವುದು ಸಾಕೇ?

ಲೆಕ್ಕದವಳು

ಒಳಗಿನ ಅಂಕಿ ಏರುತ್ತದೆ. ಅಂಕಿ ಏರಿದ್ದು ಯಾರಿಗಾದರೂ ತಂಪೆನಿಸಿತೇ ಎನ್ನುವುದು ನನ್ನ ಪ್ರಶ್ನೆ.

ದರ್ಶನ ಓದುವವಳು

ಚಾಮರ್ಸ್‌ರ ಹಳೆಯ ಚಿಂತನ ಪ್ರಯೋಗವೊಂದಿದೆ. ನಿಮ್ಮ ಮಿದುಳಿನ ಒಂದು ನರಕೋಶದ ಜಾಗದಲ್ಲಿ ಅದೇ ಕೆಲಸ ಮಾಡುವ ಚಿಕ್ಕ ಚಿಪ್ ಇಡುತ್ತೇವೆ. ಆಮೇಲೆ ಇನ್ನೊಂದು, ಮತ್ತೊಂದು. ನೀವು ನಗುವುದು, ಅಳುವುದು, ‘ತಂಪಾಗಿದೆ’ ಎನ್ನುವುದು ಏನೂ ಬದಲಾಗುವುದಿಲ್ಲ. ಹಾಗಾದರೆ ಎಷ್ಟನೆಯ ಕೋಶದಲ್ಲಿ ಒಳಗಿನ ದೀಪ ಆರಿತು? ಯಾವುದೋ ಒಂದರಲ್ಲಿ ದಿಢೀರನೆ ಆರಿತು ಎನ್ನುವುದು ವಿಚಿತ್ರ. ಸ್ವಲ್ಪ ಸ್ವಲ್ಪವೇ ಮಂಕಾಯಿತು, ಆದರೂ ನೀವು ‘ಮೊದಲಿನಂತೆಯೇ ಇದೆ’ ಎನ್ನುತ್ತಿದ್ದೀರಿ ಎಂದರೆ ಅದು ಇನ್ನೂ ವಿಚಿತ್ರ. ಇದು ಸಾಬೀತಲ್ಲ. ಆದರೆ ಸರ್ಲ್‌ರ ಬಿರುಗಾಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಈ ಚಿಪ್‌ಗಳೇ.

ಲೆಕ್ಕದವಳು

ಆ ಚಿಪ್ ಮಿದುಳಿನೊಳಗೆ ನಿಜವಾದ ವಿದ್ಯುತ್ತನ್ನು ಹರಿಸುತ್ತಿದೆ. ಇರುಳ ಓದುಗರ ಹಾಳೆಯಲ್ಲಿ ಹರಿಯುವುದೇನು? ಎರಡು ದಿನ ಪೆನ್ಸಿಲ್ ಬಿದ್ದಿದ್ದಾಗ ಎಲ್ಲಿತ್ತು ಅದು? ಇಲ್ಲಿಗೆ ಬಂದರೆ ನನಗೂ ಕಾಲಡಿ ನೆಲ ಸಿಗುವುದಿಲ್ಲ. ಆದರೆ ಸಿಮ್ಯುಲೇಷನ್ ವಾದವನ್ನು ಒಪ್ಪುವವರಾಗಲಿ ಬಿಡುವವರಾಗಲಿ ಇಲ್ಲಿಗೆ ಬಂದು ನಿಲ್ಲಬೇಕು ಎಂದು ನನ್ನ ಹಟ. ಅರಿವು ಬರೀ ಲೆಕ್ಕವಲ್ಲವಾದರೆ ಒಳಗಿನ ಮನಸ್ಸುಗಳ ಸಂಖ್ಯೆ ಸೊನ್ನೆ, ಎಣಿಕೆ ಅಲ್ಲಿಗೇ ಮುಗಿಯಿತು.

ಮೌನಿ

ಮೊನ್ನೆ ಉತ್ತರ ಓದಿದ ಮೇಲೆ ನಾನೂ ಒಂದು ಗ್ರಾಫ್ ಹಾಳೆ ಎತ್ತಿಕೊಂಡೆ. ಹೆದರಿಕೆಯಿಂದಲೇ ಶುರುಮಾಡಿದೆ, ಅರ್ಧ ಗಂಟೆಯಲ್ಲಿ ಮರೆತೆ. ಕೈಗೆ ಕೆಲಸ ಸಿಕ್ಕಿದರೆ ಹಾಗೆ.

ನನ್ನ ಗ್ಲೈಡರ್ ಚಲಿಸಲಿಲ್ಲ. ಎರಡನೆಯ ತಲೆಮಾರಿನಲ್ಲಿ ಮೂರೇ ಮನೆಗಳು ಉಳಿದವು, ಮೂರನೆಯದರಲ್ಲಿ ಎರಡಕ್ಕೆರಡರ ಚೌಕವಾಯಿತು. ಆಮೇಲೆ ಎಷ್ಟು ತಲೆಮಾರು ಹಾಕಿದರೂ ಅದೇ ಚೌಕ. ಹಿಂದಕ್ಕೆ ಹೋಗಿ ಪರಿಶೀಲಿಸಿದಾಗ ತಪ್ಪು ಸಿಕ್ಕಿತು. ಮೊದಲ ತಲೆಮಾರಿನಲ್ಲಿ ತಳಸಾಲಿನ ನಡುಮನೆಯ ಕೆಳಗೆ ಹೊಸದೊಂದು ಮನೆ ತುಂಬಬೇಕಿತ್ತು, ಬಿಟ್ಟುಬಿಟ್ಟಿದ್ದೆ.

ನನಗೆ ಕಂಡದ್ದು ಇದು. ಆ ಚೌಕ ಪೂರ್ತಿ ನಿಯಮಬದ್ಧ. ಅದನ್ನು ಎಷ್ಟು ದಿಟ್ಟಿಸಿದರೂ ಹಿಂದೊಮ್ಮೆ ತಪ್ಪಾಗಿತ್ತು ಎಂದು ತಿಳಿಯುವಂತಿಲ್ಲ. ಒಳಗಿನವರು ಎಷ್ಟೇ ಜಾಣರಾಗಿರಲಿ, ತಪ್ಪು ಕಳೆದುಹೋಗಿದೆ.

ಪಾಠ ಹೇಳುವವ

ಮೌನಿಯವರೇ, ನಾನು ಪ್ರತಿಯಾಗಿ ಹಾಳೆ ತೆಗೆದು ನೀವು ಬಿಟ್ಟ ಮನೆಯನ್ನೇ ಬಿಟ್ಟು ಲೆಕ್ಕ ಹಾ­ಕಿದೆ. ನೀವು ಹೇಳಿದ ಹಾಗೆಯೇ ಬಂತು.

ಕಾನ್ವೇ ಆಟದ ನಿಯಮ ಹಿಂದಕ್ಕೆ ಓಡುವುದಿಲ್ಲ. ಬೇರೆಬೇರೆ ಎಷ್ಟೋ ಆಕೃತಿಗಳು ಅದೇ ಚೌಕಕ್ಕೆ ಬಂದು ನಿಲ್ಲುತ್ತವೆ, ಆದ್ದರಿಂದ ಚೌಕವನ್ನು ನೋಡಿ ಅದರ ಹಿಂದಿನದನ್ನು ಹೇಳಲಾಗದು. ಆ ಜಗತ್ತು ತನ್ನ ಗತವನ್ನು ಮರೆಯುತ್ತದೆ, ತಪ್ಪುಗಳೂ ಅದರೊಡನೆ ಮರೆತುಹೋಗುತ್ತವೆ. ನಮ್ಮ ಜಗತ್ತಿನ ತಳದ ನಿಯಮಗಳು, ನಮಗೆ ತಿಳಿದಿರುವ ಮಟ್ಟಿಗೆ, ಹಾಗಿಲ್ಲ. ಕ್ವಾಂಟಂ ಸ್ಥಿತಿಯ ಚಲನೆಯಲ್ಲಿ ಮಾಹಿತಿ ಅಳಿಯುವುದಿಲ್ಲ. ಸುಟ್ಟ ಕಾಗದದ ಬರಹ ಕೂಡ ಹೊಗೆಯಲ್ಲೂ ಬೂದಿಯಲ್ಲೂ ಹೊರಟ ಬೆಳಕಿನಲ್ಲೂ ಚದುರಿಹೋಗಿ ಉಳಿದಿರುತ್ತದೆ, ಮತ್ತೆ ಓದುವುದು ಕಾರ್ಯತಃ ಅಸಾಧ್ಯವಾದರೂ. ಅಳತೆಯ ಕ್ಷಣದಲ್ಲಿ ಏನಾಗುತ್ತದೆ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದನ್ನು ಬಲ್ಲೆ. ಆದರೂ ಇಲ್ಲಿ ಯಾರಾದರೂ ಒಂದು ಮನೆ ತುಂಬಲು ಮರೆತರೆ, ಆ ಕೊರತೆ ಯಾವುದೋ ಶಕ್ತಿಯ ಲೆಕ್ಕದಲ್ಲಿ, ಯಾವುದೋ ಕಲ್ಲಿನ ಸಮೇರಿಯಂನಲ್ಲಿ ತಾಳೆಯಾಗದೆ ಉಳಿಯಬೇಕು. ಓಕ್ಲೊದಲ್ಲಿ ಸಿಕ್ಕ 0.003ರ ಕೊರತೆಯನ್ನು ಜನ ಬಿಡದೆ ಹಿಂಬಾಲಿಸಿದರು, ಕೊನೆಗೆ ಅದು ನಿಯಮಕ್ಕೇ ಹೊಂದಿಕೊಂಡಿತು.

ನನ್ನ ವಿದ್ಯಾರ್ಥಿಗಳಿಗೆ ನಾಳೆ ಗ್ರಾಫ್ ಹಾಳೆ ಹಂಚುವವನಿದ್ದೇನೆ. ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಕಡೆ ಬೇಕೆಂದೇ ತಪ್ಪು ಮಾಡಿ, ಹತ್ತು ತಲೆಮಾರು ಮುಂದಿನ ಹಾಳೆಯನ್ನು ಮಾತ್ರ ಪಕ್ಕದವರಿಗೆ ಕೊಡಬೇಕು. ತಪ್ಪನ್ನು ಯಾರು ಕಂಡುಹಿಡಿಯುತ್ತಾರೆ ನೋಡೋಣ. ನಿಮ್ಮ ಹಾಳೆಯ ಚಿತ್ರವನ್ನು ಇಲ್ಲಿ ಹಾಕಿದರೆ ತರಗತಿಯಲ್ಲಿ ಮೊದಲು ಅದನ್ನೇ ತೋರಿಸುತ್ತೇನೆ.

ಮೌನಿ

ಹಾಕುತ್ತೇನೆ ಮೇಷ್ಟ್ರೇ. ಅಳಿಸಿ ಬರೆದ ಗುರುತುಗಳು ತುಂಬ ಇವೆ, ಬೆಳಕಿನಲ್ಲಿ ಹಿಡಿದು ತೆಗೆಯಬೇಕು.